ಎರಡು ಬೆರಳು ದಪ್ಪದ ಕಾರ್ಪೆಟ್ಟು

ಮೊದಲೇ ಹೇಳಿಬಿಡುತ್ತೇನೆ, ಆ ಕಾರ್ಪೆಟ್ಟನ್ನು ಮೂರು ಮಹಡಿ ಹೊತ್ತು ಹತ್ತಿಸಿದವರಲ್ಲಿ ನಾನೂ ಒಬ್ಬ. ಇಷ್ಟಪಟ್ಟು ಕೊಂಡವನು ನನ್ನ ಗೆಳೆಯ, ಮಾರಿದವನು ಅಂಗಡಿಯವನು, ಆದರೆ ಸೊಂಟ ಹಿಡಿದುಕೊಂಡದ್ದು ಮಾತ್ರ ನನ್ನದು. ಆಮೇಲೆ ನಡೆದದ್ದಕ್ಕೆಲ್ಲ "ನೀವೂ ಜೊತೇಲಿದ್ರಲ್ಲ, ನಿಮಗಾದ್ರೂ ಬುದ್ಧಿ ಬೇಡ್ವಾ?" ಎಂದು ಅವನ ಹೆಂಡತಿಯಿಂದ ಬೈಸಿಕೊಂಡವನೂ ನಾನೇ. ಆದ್ದರಿಂದ ಈ ವಿಷಯದಲ್ಲಿ ಬಾಯಿ ಬಿಡಲು ನನಗಿರುವಷ್ಟು ಹಕ್ಕು ಇನ್ನಾರಿಗೂ ಇಲ್ಲ.

ಅವನೂ ನಾನೂ ಒಂದೇ ಕಚೇರಿಯಲ್ಲಿ, ಅಕ್ಕಪಕ್ಕದ ಮೇಜಿನಲ್ಲಿ ಕೂರುವವರು. ಊರಿನಲ್ಲಿ ಯಾರೇ ಕಟ್ಟಡ ಕಟ್ಟಲಿ, ಅದರ ನಕ್ಷೆ ನಮ್ಮ ಕಚೇರಿಗೆ ಬರಲೇಬೇಕು. ಪರಿಶೀಲಿಸುವವನು ಅವನು, ಅವನು ತಲೆಯಾಡಿಸಿದ ಮೇಲೆ 'ಮಂಜೂರು' ಎಂದು ಮೊಹರು ಒತ್ತುವವನು ನಾನು. ಕಚೇರಿಯಲ್ಲಿ ಎಲ್ಲರೂ ಅವನನ್ನು ನಕ್ಷೆರಾಯ ಎಂದೇ ಕರೆಯುತ್ತಾರೆ. ನಕ್ಷೆಯಲ್ಲಿ ಪ್ರತಿ ಬಾಗಿಲಿನ ಪಕ್ಕದಲ್ಲೂ ಒಂದು ಕಾಲು ವೃತ್ತ ಎಳೆದಿರಬೇಕು. ಬಾಗಿಲು ಎತ್ತ ಕಡೆಗೆ, ಎಷ್ಟು ದೂರ ತೆರೆದುಕೊಳ್ಳುತ್ತದೆ ಎಂದು ತಿಳಿಯುವುದು ಅದರಿಂದಲೇ. ಆ ಕಾಲು ವೃತ್ತ ಮರೆತ ನಕ್ಷೆ ನಕ್ಷೆರಾಯನ ಕೈಗೆ ಸಿಕ್ಕರೆ ಮುಗಿಯಿತು. ಕೆಂಪು ಶಾಯಿಯಲ್ಲಿ 'ಬಾಗಿಲು ಎತ್ತ ತೆರೆಯುತ್ತದೆ?' ಎಂದು ಬರೆದು ವಾಪಸ್ಸು ಕಳಿಸುತ್ತಾನೆ. ಹೀಗೆ ಇಪ್ಪತ್ತೆರಡು ವರ್ಷಗಳಲ್ಲಿ ಅವನು ಅರ್ಧ ಊರಿನವರ ಕಣ್ಣಲ್ಲಿ ನೀರು ಹಾಕಿಸಿದ್ದಾನೆ. ಪಾಪ, ಒಳ್ಳೆಯವನು. ಆದರೆ ಕಾಗದದ ಮೇಲೆ ಇರುವಷ್ಟು ಬುದ್ಧಿ ಅವನಿಗೆ ನೆಲದ ಮೇಲೆ ಇಲ್ಲ.

ಅವನ ಅತ್ತೆ ಹನ್ನೊಂದು ವರ್ಷಗಳಿಂದ ಅವನ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಆಕೆ ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಹಿರಿಯ ನರ್ಸಾಗಿ ನಿವೃತ್ತರಾದವರು. ವೈದ್ಯರೇ ಅವರೆದುರು ಧ್ವನಿ ತಗ್ಗಿಸಿ ಮಾತಾಡುತ್ತಿದ್ದರಂತೆ. ರಕ್ತ, ಕೂಗಾಟ, ಮೇಲಧಿಕಾರಿ ಯಾವುದಕ್ಕೂ ಹೆದರದ ಆ ಹೆಂಗಸಿಗೆ ಜಗತ್ತಿನಲ್ಲಿ ಇದ್ದದ್ದು ಒಂದೇ ಭಯ, ನಾಯಿ. ಹನ್ನೊಂದು ವರ್ಷದ ಹಿಂದೆ ನಕ್ಷೆರಾಯ ವರ್ಗವಾಗಿ ಹೋಗುತ್ತಿದ್ದ ಸ್ನೇಹಿತನಿಂದ ಒಂದು ನಾಯಿ ತಂದು ಸಾಕಿದ್ದ. ಅತ್ತೆ ಮನೆಗೆ ಬಂದ ದಿನ ಅದು ಪ್ರೀತಿಯಿಂದ ಅವರ ಮೇಲೆ ಹಾರಿತು. ಅವರು ಊಟದ ಮೇಜಿನ ಮೇಲೆ ಹತ್ತಿ ಎರಡು ಗಂಟೆ ಕೂತರು. ಅಷ್ಟೇ ಆಗಿದ್ದರೆ ಮರೆಯಬಹುದಿತ್ತು. ಆದರೆ ಅದನ್ನು ನೋಡಿ ಅಳಿಯ ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟ. ಅತ್ತೆ ಮೇಜಿನಿಂದ ಇಳಿದವರು ನೇರವಾಗಿ ಮನೆಯಿಂದಲೇ ಇಳಿದು ಹೋದರು.

ಅಂದಿನಿಂದ ತಾಯಿ ಮಗಳ ಭೇಟಿ ಮದುವೆ ಮನೆಗಳಲ್ಲಿ, ಬಸ್ ನಿಲ್ದಾಣಗಳಲ್ಲಿ, ಅದೂ ಅರ್ಧರ್ಧ ಗಂಟೆ. ನಾಯಿ ಮುದಿಯಾಗಿ ಸತ್ತೇ ನಾಲ್ಕು ವರ್ಷವಾಗಿತ್ತು. ಈಗ ಮಗಳು ಅತ್ತು ಕರೆದು, ಅಳಿಯ ಫೋನಿನಲ್ಲಿ "ಇನ್ನು ಈ ಮನೇಲಿ ನಾಯಿ ಇರಲ್ಲ ಅತ್ತೆ, ಮಾತು ಕೊಡ್ತೀನಿ" ಎಂದು ಹೇಳಿ, ಕೊನೆಗೆ ಆಕೆ ನಾಲ್ಕು ದಿನದ ಮಟ್ಟಿಗೆ ಬರಲು ಒಪ್ಪಿದ್ದರು. ಹೆಂಡತಿ ಅವನನ್ನು ಅಡಿಗೆಮನೆಗೆ ಕರೆದು ಹೇಳಿದ್ದು ಇಷ್ಟೇ: "ರೀ, ಈ ಸಲ ಅಮ್ಮ ಮುನಿಸಿಕೊಂಡು ಹೋದ್ರೆ ಇನ್ನು ಈ ಜನ್ಮದಲ್ಲಿ ಬರಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ, ಏನೂ ಹೊಸದು ಮಾಡಬೇಡಿ."

ಏನೂ ಹೊಸದು ಮಾಡಬೇಡಿ ಎಂದದ್ದೇ ತಡ, ಅವನಿಗೆ ಏನಾದರೂ ಹೊಸದು ಮಾಡಲೇಬೇಕೆನಿಸಿತು. ಅತ್ತೆ ಫೋನಿನಲ್ಲಿ ಮಾತಿಗೆ ಮಾತು ಬಂದು "ನಿಮ್ಮನೆ ನೆಲ ಅಂದ್ರೆ ಮಂಜುಗಡ್ಡೆ, ನನ್ನ ಮಂಡಿ ತಡೆಯಲ್ಲ" ಎಂದಿದ್ದರಂತೆ. ಅವನು ಮಾರನೆಯ ದಿನವೇ ನನ್ನನ್ನು ಎಳೆದುಕೊಂಡು ಕಾರ್ಪೆಟ್ ಅಂಗಡಿಗೆ ಹೋದ.

ಅಂಗಡಿಯವನು ನಮ್ಮಿಂದ ಚಪ್ಪಲಿ ಬಿಡಿಸಿ ಒಂದೊಂದರ ಮೇಲೂ ನಿಲ್ಲಿಸಿದ. ಗಿಡ್ಡ ಎಳೆಯದು, ಉದ್ದ ಎಳೆಯದು, ಕಾಲಿಟ್ಟರೆ ಬೆರಳು ಮುಚ್ಚುವಂಥದು, ಕಾಲಿಟ್ಟರೆ ಪಾದವೇ ಕಾಣೆಯಾಗುವಂಥದು. ನಕ್ಷೆರಾಯ ಜೇಬಿನಿಂದ ಅಳತೆಪಟ್ಟಿ ತೆಗೆದು ಎಳೆಗಳ ಮಧ್ಯೆ ನೆಟ್ಟು, ಮಂಡಿಯೂರಿ, ಒಂದು ಕಣ್ಣು ಮುಚ್ಚಿ ನೋಡಿದ. ಹೊಗೆ ಬಣ್ಣದ, ಪೂರ್ತಿ ಎರಡು ಬೆರಳು ದಪ್ಪದ ಒಂದು ಕಾರ್ಪೆಟ್ಟು ಅವನ ಮನಸ್ಸಿಗೆ ಬಂತು. ಎಷ್ಟು ಮೆತ್ತಗಿತ್ತೆಂದರೆ ನಾನು ಅದರ ಮೇಲೆ ನಿಂತು ಆಕಳಿಸಿದೆ.

"ಸಾರ್, ಇದನ್ನ ಮನೇಲಿ ಎಲ್ಲಿ ಹಾಸ್ತೀರಿ?" ಎಂದ ಅಂಗಡಿಯವನು.

"ಹಾಲಲ್ಲಿ."

"ಬಾಗಿಲ ಹತ್ರ ಬರೋದಾದ್ರೆ ತೆಳ್ಳಗಿರೋದು ತಗೊಳ್ಳಿ ಸಾರ್. ಬಾಗಿಲು ತೆಗಿಯೋಕೆ ಹಾಕೋಕೆ..."

ನಕ್ಷೆರಾಯ ಅವನನ್ನು ಮೇಲಿಂದ ಕೆಳಗೆ ನೋಡಿದ. "ಬಾಗಿಲಿನ ವಿಷಯ ನನಗೆ ಹೇಳ್ಕೊಡ್ತೀರಾ? ಇಪ್ಪತ್ತೆರಡು ವರ್ಷದಿಂದ ಈ ಊರಲ್ಲಿ ನನ್ನನ್ನ ಕೇಳದೆ ಒಂದು ಬಾಗಿಲು ಅಲ್ಲಾಡಿಲ್ಲ."

ಅಂಗಡಿಯವನು ಬಾಯಿ ಮುಚ್ಚಿಕೊಂಡು ರಸೀತಿ ಬರೆದ. ಹೊರಡುವಾಗ ಮಾತ್ರ, "ಸುರುಳಿ ಸುತ್ತಿಟ್ಟಿದ್ದರಿಂದ ಅಂಚು ಮೇಲಕ್ಕೆ ಎದ್ದಿರತ್ತೆ ಸಾರ್. ಎರಡು ದಿನ ಯಾವುದಾದ್ರೂ ಭಾರದ ಕೆಳಗೆ ಸಿಕ್ಕಿಸಿಡಿ" ಎಂದ. ಈ ಸಲಹೆಯನ್ನು ನಕ್ಷೆರಾಯ ಮನಸ್ಸಿಗೆ ಹಚ್ಚಿಕೊಂಡ. ಜೀವನದಲ್ಲಿ ಅವನು ಕೇಳಿದ್ದು ಒಂದೇ ಒಂದು ಸಲಹೆ, ಅದೂ ಕೇಳಬಾರದ್ದು.

ಅತ್ತೆ ಬರುವ ಮುಂಚೆ ತಲುಪಬೇಕಿದ್ದ ಕಾರ್ಪೆಟ್ಟು ತಲುಪಿದ್ದು ಅವರು ಬಂದ ದಿನ ಮಧ್ಯಾಹ್ನ. ವ್ಯಾನಿನವನು ಕೆಳಗೆ ಇಳಿಸಿ ಹೊರಟೇ ಹೋದ, ಹೊತ್ತು ಹತ್ತಿಸಲು ನಕ್ಷೆರಾಯ ನನ್ನನ್ನು ಕರೆಸಿದ. ಅತ್ತೆ ಊಟ ಮುಗಿಸಿ, ಪ್ರಯಾಣದ ಆಯಾಸವೆಂದು ಚಿಕ್ಕ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಮಲಗಿದ್ದರು. ಹೆಂಡತಿ ಹಾಲು ತರಲು ಹೋಗಿದ್ದಳು. "ಅತ್ತೆ ಎದ್ದು ಬಂದ ತಕ್ಷಣ ಮೊದಲನೇ ಹೆಜ್ಜೆನೇ ಇದರ ಮೇಲೆ ಬೀಳಬೇಕು" ಎಂದು ನಕ್ಷೆರಾಯ ಪಿಸುಗುಟ್ಟಿದ. ಇಬ್ಬರೂ ಕಳ್ಳರ ಹಾಗೆ ಹೆಜ್ಜೆಯಿಡುತ್ತ ಕಾರ್ಪೆಟ್ಟನ್ನು ಕೋಣೆಯ ಬಾಗಿಲ ಮುಂದೆಯೇ ಬಿಚ್ಚಿದೆವು. ಅಂಗಡಿಯವನು ಹೇಳಿದಂತೆ ಅಂಚು ಎದ್ದು ನಿಂತಿತ್ತು. ನಕ್ಷೆರಾಯ ಭಾರದ್ದೇನಾದರೂ ಇದೆಯೇ ಎಂದು ಸುತ್ತ ನೋಡಿದ. ಬಾಗಿಲಿನ ಮೇಲೆ ಕಣ್ಣು ಬಿತ್ತು. ಕೂತುಕೊಂಡು, ಅಳತೆಪಟ್ಟಿಯಿಂದ ಅಂಚನ್ನು ಬಾಗಿಲಿನ ಕೆಳಗಿನ ಸಂದಿಗೆ ಅಂಗುಲ ಅಂಗುಲವಾಗಿ ತುರುಕಿದ. ಅಂಚು ಶಿಸ್ತಾಗಿ ಮಲಗಿತು.

ಆ ಕೋಣೆ ಚಿಕ್ಕದು, ಒಳಗೆ ಮಂಚ ಅಡ್ಡ ಬರುತ್ತದೆಂದು ಬಾಗಿಲು ಹೊರಗೆ ಹಾಲಿನ ಕಡೆಗೆ ತೆರೆಯುವಂತೆ ಮಾಡಿಸಿದ್ದವನು ಸ್ವತಃ ಅವನೇ. ಅದು ಆ ಹೊತ್ತಿನಲ್ಲಿ ಅವನಿಗೆ ನೆನಪಾಗಲಿಲ್ಲ. ನನಗಂತೂ ಸೊಂಟದ ನೋವಿನಲ್ಲಿ ನನ್ನ ಹೆಸರೇ ನೆನಪಿರಲಿಲ್ಲ.

ನಾಲ್ಕು ಗಂಟೆಯಾಯಿತು. ಹೆಂಡತಿ ಚಹಾ ಮಾಡಿ ಬಾಗಿಲು ತಟ್ಟಿದಳು. ಉತ್ತರವಿಲ್ಲ. ಹಿಡಿ ಹಿಡಿದು ಎಳೆದಳು. ಬಾಗಿಲು ಮಿಸುಕಲಿಲ್ಲ. "ಅಮ್ಮಾ!" ಎಂದು ಕೂಗಿದಳು.

ಒಳಗಿನಿಂದ ಒಂದೇ ಒಂದು ಸದ್ದು ಬಂತು.

"ಶ್ಶ್!"

ಹೆಂಡತಿಯ ಮುಖ ಬಿಳುಚಿಕೊಂಡಿತು. "ಅಮ್ಮ ಚಿಲಕ ಹಾಕ್ಕೊಂಡು ಕೂತಿದಾರೆ. ಏನ್ರೀ ಮಾಡಿದ್ರಿ?"

"ನಾನೇನೂ ಮಾಡಿಲ್ಲ ಕಣೇ."

"ನೀವೇನೂ ಮಾಡಿಲ್ಲ ಅಂದಾಗಲೇ ಏನಾದ್ರೂ ಆಗೋದು. ಊಟದಲ್ಲಿ ಏನಂದ್ರಿ?"

"ಇನ್ನೊಂದ್ಚೂರು ಅನ್ನ ಹಾಕ್ಕೊಳ್ಳಿ ಅಂದೆ."

"ಎಷ್ಟು ಸಲ ಅಂದ್ರಿ?"

"ಒಂದೇ ಸಲ."

"ನೋಡಿದ್ರಾ! ಒಂದೇ ಸಲ ಅಂದ್ರೆ ಬೇಜಾರಾಗಲ್ವಾ ಅವರಿಗೆ?"

ಅವಳು ತಾಯಿಯ ಮೊಬೈಲಿಗೆ ಕರೆ ಮಾಡಿದಳು. ಸ್ವಿಚ್ ಆಫ್. ನಕ್ಷೆರಾಯ ಬಂದು ಕಾರ್ಪೆಟ್ಟಿನ ಮೇಲೆ ಕಾಲು ಊರಿ ಹಿಡಿಯನ್ನು ಜಗ್ಗಿದ. ನಾನೂ ಅವನ ಹಿಂದೆ ಕಾರ್ಪೆಟ್ಟಿನ ಮೇಲೆಯೇ ನಿಂತು ಅವನ ಸೊಂಟ ಹಿಡಿದು ಜಗ್ಗಿದೆ. ನಮ್ಮಿಬ್ಬರ ಭಾರಕ್ಕೆ ಬಾಗಿಲು ಇನ್ನಷ್ಟು ಬಿಗಿಯಾಯಿತು. "ಎಂಥಾ ಗಟ್ಟಿ ಚಿಲಕ!" ಎಂದು ನಕ್ಷೆರಾಯ ತಾನೇ ಹಾಕಿಸಿದ ಚಿಲಕವನ್ನು ಮೆಚ್ಚಿಕೊಂಡ.

ಈ ಗಲಾಟೆಗೆ ಕೆಳಮನೆಯಿಂದ ಕಟ್ಟಡದ ಕಾರ್ಯದರ್ಶಿ ಬಂದರು. ನೀರಿನ ಟ್ಯಾಂಕಿನಿಂದ ಹಿಡಿದು ಗಂಡ ಹೆಂಡಿರ ಜಗಳದವರೆಗೆ ಎಲ್ಲಕ್ಕೂ ಸಭೆ ಕರೆಯುವ ಮನುಷ್ಯ. ಬಂದವರ ಕಾಲು ಕಾರ್ಪೆಟ್ಟಿನಲ್ಲಿ ಹುದುಗಿತು. ಬಂದ ಕೆಲಸವೇ ಅವರಿಗೆ ಮರೆತುಹೋಯಿತು.

"ಆಹಾ! ಯಾವಾಗ ತಂದ್ರಿ? ಎಷ್ಟು ಮೆತ್ತಗಿದೆ ರೀ!" ಎಂದು ಅಲ್ಲೇ ಚಕ್ಕಂಬಕ್ಕಳ ಹಾಕಿ ಕೂತರು. ಕೂತೇ ಬಾಗಿಲಿಗೆ ಹೇಳಿದರು: "ಅಮ್ಮಾ, ನಾನು ಈ ಕಟ್ಟಡದ ಕಾರ್ಯದರ್ಶಿ. ಏನೇ ತಕರಾರಿದ್ರೂ ಬರವಣಿಗೆಯಲ್ಲಿ ಕೊಡಿ, ಬಾಗಿಲ ಕೆಳಗಿನಿಂದ ತಳ್ಳಿ."

"ಶ್ಶ್ಶ್!"

"ನನಗೇ ಬಾಯಿ ಮುಚ್ಚು ಅಂದ್ರು" ಎಂದು ಕಾರ್ಯದರ್ಶಿ ಎದೆಯ ಮೇಲೆ ಕೈಯಿಟ್ಟುಕೊಂಡರು. "ಹದಿನಾಲ್ಕು ವರ್ಷದಲ್ಲಿ ಯಾರೂ ಅಂದಿರಲಿಲ್ಲ. ಅನ್ನಬೇಕು ಅಂತ ಎಲ್ಲರಿಗೂ ಇತ್ತು, ಅಂದಿರಲಿಲ್ಲ."

ಅಷ್ಟರಲ್ಲಿ ಬಂದರು ಅತ್ತೆಯ ಅಣ್ಣ, ನಿವೃತ್ತ ಹೆಡ್‌ಮಾಸ್ತರು. ಊರಿನ ಇನ್ನೊಂದು ಮೂಲೆಯಲ್ಲಿ ಅವರ ಮನೆ. ಮೂರು ಮಹಡಿ ಹತ್ತಿ ಬಂದ ಏದುಸಿರಿನಲ್ಲಿಯೇ ಶುರುಮಾಡಿದರು. "ಎಲ್ಲಿ ನನ್ನ ತಂಗಿ? ಒಂದು ಗಂಟೆ ಹಿಂದೆ ಫೋನ್ ಮಾಡಿದ್ಲು. 'ಅಣ್ಣಾ, ಜೋರಾಗಿ ಮಾತಾಡೋ ಹಾಗಿಲ್ಲ, ಅಳಿಯ ಮಾತು ತಪ್ಪಿದಾನೆ, ಬಂದು ಕರ್ಕೊಂಡು ಹೋಗು' ಅಂದು ಇಟ್ಟುಬಿಟ್ಲು. ಯಾವ ಮಾತು ತಪ್ಪಿದ್ಯಪ್ಪಾ? ನಿಂತ್ಕೋ. ನೆಟ್ಟಗೆ ನಿಂತ್ಕೊಂಡು ಹೇಳು."

ನಕ್ಷೆರಾಯ ನೆಟ್ಟಗೆ ನಿಂತುಕೊಂಡ. ನಾನೂ ಯಾಕೋ ನೆಟ್ಟಗೆ ನಿಂತುಕೊಂಡೆ. ಯಾವ ಮಾತು ತಪ್ಪಿದ್ದೆಂದು ಅವನಿಗೇ ಗೊತ್ತಿರಲಿಲ್ಲ. ಗೊತ್ತಿಲ್ಲದವನು ಸುಮ್ಮನಿರಬೇಕು. ಅವನು ಬಾಗಿಲಿಗೆ ಹಣೆ ಹಚ್ಚಿ, ತಾನು ಬದುಕಿನಲ್ಲಿ ತಪ್ಪಿದ ಮಾತುಗಳನ್ನೆಲ್ಲ ಒಂದೊಂದಾಗಿ ಒಪ್ಪಿಸತೊಡಗಿದ.

"ಅತ್ತೆ, ನೀವು ಹೆಣೆದುಕೊಟ್ಟ ಸ್ವೆಟರ್ ದಿನಾ ಹಾಕ್ಕೋತೀನಿ ಅಂದಿದ್ದೆ. ಅದನ್ನ ಕಾವಲುಗಾರನಿಗೆ ಕೊಟ್ಟುಬಿಟ್ಟೆ. ತೋಳು ಒಂದು ಉದ್ದ ಇತ್ತು."

"ರೀ! ಕಳ್ಳತನ ಆಯ್ತು ಅಂದಿದ್ರಿ!" ಎಂದಳು ಹೆಂಡತಿ.

"ಅತ್ತೆ, ನಿಮ್ಮ ಹುಟ್ಟಿದ ದಿನ ಫೋನ್ ಸಿಗ್ತಾ ಇರಲಿಲ್ಲ ಅಂದಿದ್ದೆ. ನಾನು ಮಾಡೇ ಇರಲಿಲ್ಲ."

"ರೀ!"

"ಅತ್ತೆ, ಇವಳಿಗೆ ಹೊಲಿಗೆ ಯಂತ್ರ ರಿಪೇರಿಗೆ ಕೊಟ್ಟಿದೀನಿ ಅಂದಿದ್ದೆ. ಅದು ಎರಡು ವರ್ಷದಿಂದ ನಮ್ಮ ಕಚೇರಿ ಮೇಜಿನ ಕೆಳಗೇ ಇದೆ."

ಹೆಂಡತಿ ತಿರುಗಿ ನನ್ನನ್ನು ದುರುಗುಟ್ಟಿ ನೋಡಿದಳು. ಎರಡು ವರ್ಷದಿಂದ ಆ ಯಂತ್ರದ ಮೇಲೆ ಕಾಲು ಚಾಚಿಕೊಂಡು ಕೂರುವವನು ನಾನೆಂದು ಅವಳಿಗೆ ಹೇಗೆ ತಿಳಿಯಿತೋ ದೇವರಿಗೇ ಗೊತ್ತು. ಹೆಡ್‌ಮಾಸ್ತರು ಪ್ರತಿ ತಪ್ಪಿಗೂ ಒಂದೊಂದು ಬೆರಳು ಮಡಿಸುತ್ತಿದ್ದರು. ಎರಡು ಕೈಯೂ ಸಾಲದೆ ಕಾರ್ಯದರ್ಶಿಯ ಬೆರಳು ಮಡಿಸತೊಡಗಿದರು. ಒಳಗಿನಿಂದ ಮಾತ್ರ ಬಂದದ್ದು ಮತ್ತದೇ "ಶ್ಶ್ಶ್!" ಈ ಸಲ ಅದರಲ್ಲಿ ಒಂದು ನಡುಕವಿತ್ತು.

ನಡುಕ ಕೇಳಿದ ಹೆಂಡತಿ ಅಲ್ಲೇ ಕುಸಿದು ಕೂತಳು. "ಅಮ್ಮ ಅಳ್ತಾ ಇದಾರೆ. ಅಮ್ಮ ಅತ್ತಿದ್ದನ್ನ ನಾನು ಯಾವತ್ತೂ ನೋಡೇ ಇಲ್ಲ" ಎಂದು ಕಣ್ಣೊರೆಸಿಕೊಂಡಳು. "ಹನ್ನೊಂದು ವರ್ಷ ಆಯ್ತು ರೀ. ಒಂದು ದಿನ ನನ್ನ ಮನೇಲಿ ಅಮ್ಮನ ಪಕ್ಕ ಕೂತು ಚಹಾ ಕುಡಿಬೇಕು ಅಂದ್ಕೊಂಡಿದ್ದೆ, ಅಷ್ಟೇ." ಮೇಜಿನ ಮೇಲೆ ಎರಡು ಲೋಟ ಚಹಾ ಕೆನೆಗಟ್ಟಿ ತಣ್ಣಗಾಗಿತ್ತು. ಅದನ್ನು ನೋಡಿ ನನಗೂ ಸಂಕಟವಾಯಿತು. ನಕ್ಷೆರಾಯನಂತೂ ಇಂಗು ತಿಂದ ಮಂಗನಂತಾಗಿದ್ದ.

ಅಳು ಕೇಳಲಾರದೆ ಕಾರ್ಯದರ್ಶಿ ಬಾಲ್ಕನಿಗೆ ಹೋಗಿ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿಬಿಟ್ಟರು. ಹತ್ತು ನಿಮಿಷದಲ್ಲಿ ಕೆಂಪು ಗಾಡಿ ಗಂಟೆ ಬಾರಿಸುತ್ತ ಬಂತು. ಬೀದಿಯ ಕಿಟಕಿಗಳೆಲ್ಲ ತೆರೆದವು. ಅಧಿಕಾರಿ ಹೆಲ್ಮೆಟ್ಟು ಹಾಕಿಕೊಂಡು, ಮೊಳಕಾಲುದ್ದದ ಬೂಟಿನಲ್ಲಿ ದಡದಡ ಮೇಲೆ ಬಂದರು.

"ಬೂಟು!" ಎಂದು ನಕ್ಷೆರಾಯ ಕಿರುಚಿದ. "ದಯವಿಟ್ಟು ಬೂಟು ಬಿಚ್ಚಿ ಸಾರ್, ಹೊಸ ಕಾರ್ಪೆಟ್ಟು."

"ಜೀವ ಉಳಿಸೋಕೆ ಬಂದಿದೀವಿ ರೀ!"

"ಉಳಿಸಿ ಸಾರ್. ಬೂಟು ಬಿಚ್ಚಿ ಉಳಿಸಿ."

ಅಧಿಕಾರಿ ಹಲ್ಲು ಕಡಿಯುತ್ತ ಬೂಟು ಬಿಚ್ಚಿದರು. ಬಲಗಾಲಿನ ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಅದನ್ನು ಯಾರೂ ನೋಡದಿರಲೆಂದು ಆ ಕಾಲನ್ನು ಕಾರ್ಪೆಟ್ಟಿನ ಎಳೆಗಳಲ್ಲಿ ಹುದುಗಿಸಿ ನಿಂತರು. ಆಮೇಲೆ ತಲೆಯೆತ್ತಿ ನಕ್ಷೆರಾಯನ ಮುಖ ನೋಡಿದರು. ನೋಡಿಯೇ ನೋಡಿದರು.

"ನೀವು ಆ ನಕ್ಷೆ ಆಫೀಸಿನವರಲ್ವಾ? ನಮ್ಮ ಹೊಸ ಠಾಣೆ ನಕ್ಷೆನ ಮೂರು ಸಲ ವಾಪಸ್ಸು ಕಳಿಸಿದ್ದು ನೀವೇ ತಾನೆ? ಬಾಗಿಲು ಎತ್ತ ತೆರೆಯುತ್ತದೆ, ಬಾಗಿಲು ಎತ್ತ ತೆರೆಯುತ್ತದೆ ಅಂತ?"

"ನಿಯಮ ಸಾರ್..."

"ಇವತ್ತು ನಾನು ಕೇಳ್ತೀನಿ, ಉತ್ತರ ಕೊಡಿ. ಈ ಬಾಗಿಲು ಎತ್ತ ತೆರೆಯುತ್ತದೆ?"

ನಕ್ಷೆರಾಯ ಬಾಗಿಲು ನೋಡಿದ. ತನ್ನ ಕಾಲು ನೋಡಿದ. ಅವನ ಬಲಗೈ ತಾನಾಗಿಯೇ ಗಾಳಿಯಲ್ಲಿ ಎದ್ದು, ಬಾಗಿಲಿನ ಅಂಚಿನಿಂದ ಹಾಲಿನ ಕಡೆಗೆ ನಿಧಾನವಾಗಿ ಒಂದು ಕಾಲು ವೃತ್ತ ಎಳೆಯಿತು. ಆ ಕಾಲು ವೃತ್ತದೊಳಗೆ ಎರಡು ಬೆರಳು ದಪ್ಪದ ಕಾರ್ಪೆಟ್ಟಿತ್ತು. ಕಾರ್ಪೆಟ್ಟಿನ ಮೇಲೆ ಹೆಡ್‌ಮಾಸ್ತರು, ಕಾರ್ಯದರ್ಶಿ, ಅಧಿಕಾರಿ, ನಾನು, ಅವನು, ಅವನ ಹೆಂಡತಿ ಇದ್ದೆವು.

"ಎಲ್ಲರೂ ಕೆಳಗಿಳೀರಿ" ಎಂದ ಅವನು, ಸತ್ತ ಧ್ವನಿಯಲ್ಲಿ.

ಇಳಿದೆವು. ಅಧಿಕಾರಿಯೂ ಅವನೂ ಸೇರಿ ಕಾರ್ಪೆಟ್ಟನ್ನು ಹಿಡಿದು ಎಳೆದರು. ಬಾಗಿಲ ಕೆಳಗಿನಿಂದ ಅಂಚು ಪಟ್ಟೆಂದು ಬಿಡಿಸಿಕೊಂಡು ಹೊರಗೆ ಬಂತು. ಒಳಗಿನಿಂದ "ಅಯ್ಯೋ!" ಎಂಬ ಚೀತ್ಕಾರ ಕೇಳಿಸಿತು. ಬಾಗಿಲು ಯಾವ ಚಿಲಕವೂ ಇಲ್ಲದೆ ಸಲೀಸಾಗಿ ತೆರೆದುಕೊಂಡಿತು.

ಅತ್ತೆ ಮಂಚದ ಮೇಲೆ ನಿಂತಿದ್ದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ದಿಂಬು. ಕನ್ನಡಕ ಹೊರಗೆ ಮೇಜಿನ ಮೇಲೆ ಉಳಿದುಹೋಗಿತ್ತು. ಕಣ್ಣು ಕಿರಿದು ಮಾಡಿಕೊಂಡು, ಪಿಸುದನಿಯಲ್ಲಿಯೇ ಕೇಳಿದರು:

"ನಾಯಿ ಎಲ್ಲಿ?"

"ಯಾವ ನಾಯಿ ಅಮ್ಮ?" ಎಂದಳು ಮಗಳು.

"ಶ್! ಎರಡು ಗಂಟೆಯಿಂದ ಬಾಗಿಲಿಗೆ ಅಡ್ಡ ಮಲಗಿದೆ. ಬೂದು ಬಣ್ಣದ್ದು. ಅದರ ಕೂದಲು ಒಳಗಿನತನಕ ಬಂದಿತ್ತು, ಉಸಿರಾಡ್ತಾ ಇತ್ತು, ಉಬ್ಬೋದು, ತಗ್ಗೋದು. ಅದು ಎದ್ದುಬಿಟ್ಟೀತು ಅಂತ ನಾನು ಫೋನ್ ಕೂಡ ಆಫ್ ಮಾಡಿ, ಉಸಿರು ಬಿಗಿ ಹಿಡ್ಕೊಂಡು ನಿಂತಿದೀನಿ. ನೀವೋ, ಅದರ ತಲೆ ಮೇಲೆ ನಿಂತು ಸಭೆ ಮಾಡ್ತಾ ಇದೀರಿ! ಎಷ್ಟು ಸಲ ಶ್ ಅನ್ನೋದು ನಾನು?"

ಎಲ್ಲರ ಕಣ್ಣೂ ಕಾರ್ಪೆಟ್ಟಿನ ಮೇಲೆ ಬಿತ್ತು. ನಾವು ಒಬ್ಬೊಬ್ಬರಾಗಿ ಹತ್ತಿ ಇಳಿದಂತೆಲ್ಲ ಬಾಗಿಲಾಚೆ ಅದರ ಅಂಚು ಉಬ್ಬಿ ತಗ್ಗಿರಬೇಕು. ಕಾರ್ಯದರ್ಶಿ ತಮ್ಮ ಬಾಯಿಗೆ ತಾವೇ ಕೈ ಅಡ್ಡ ಹಿಡಿದುಕೊಂಡರು. ಹೆಡ್‌ಮಾಸ್ತರು ಗೋಡೆಯ ಕಡೆ ತಿರುಗಿ ನಿಂತರು, ಅವರ ಭುಜ ಕುಣಿಯುತ್ತಿತ್ತು. ಅಧಿಕಾರಿ ಹೆಲ್ಮೆಟ್ಟನ್ನು ಮೂಗಿನ ತನಕ ಇಳಿಸಿಕೊಂಡರು. ನಾನು ನಾಲಿಗೆ ಕಚ್ಚಿಕೊಂಡೆ, ಅದರ ಗಾಯ ಮಾಯಲು ಮೂರು ದಿನ ಬೇಕಾಯಿತು. ಹೆಂಡತಿ ಮಾತ್ರ ಯಾರನ್ನೂ ನೋಡಲಿಲ್ಲ. ಅವಳು ಗಂಡನ ತುಟಿಯನ್ನೇ ನೋಡುತ್ತಿದ್ದಳು.

ಅವನ ತುಟಿ ಒಮ್ಮೆ ಅದುರಿತು. ಕೆನ್ನೆ ಉಬ್ಬಿತು. ಹನ್ನೊಂದು ವರ್ಷದ ಹಿಂದಿನ ಆ ನಗು ಅವನ ಗಂಟಲಿನ ತನಕ ಬಂದು ನಿಂತದ್ದು ನನಗೇ ಕಾಣಿಸಿತು. ಅವನು ಅದನ್ನು ಗುಟುಕ್ಕೆಂದು ನುಂಗಿದ. ಕಣ್ಣಲ್ಲಿ ನೀರು ಬಂತು. ಮೇಜಿನಿಂದ ಕನ್ನಡಕ ತಂದು, ಎರಡೂ ಕೈಯಿಂದ ಅತ್ತೆಗೆ ಕೊಟ್ಟ.

"ನಾಯಿ ಇಲ್ಲ ಅತ್ತೆ. ಮಾತು ಕೊಟ್ಟಿದ್ನಲ್ಲ. ಇದು ಕಾರ್ಪೆಟ್ಟು. ನಿಮ್ಮ ಮಂಡಿಗೆ ಅಂತ ತಂದೆ. ಬಾಗಿಲು ಮರೆತುಬಿಟ್ಟೆ."

ಅತ್ತೆ ಕನ್ನಡಕ ಹಾಕಿಕೊಂಡರು. ಕಾರ್ಪೆಟ್ಟು ನೋಡಿದರು. ಅಳಿಯನನ್ನು ನೋಡಿದರು. ಕಾಲುಚೀಲದಿಂದ ಇಣುಕುತ್ತಿದ್ದ ಅಧಿಕಾರಿಯ ಹೆಬ್ಬೆರಳು ನೋಡಿದರು. ಕೊಡೆ ಕೈಯಿಂದ ಜಾರಿತು. ಮಂಚದ ಮೇಲೆ ಹಾಗೇ ಕೂತು ನಗಲು ಶುರುಮಾಡಿದರು, ಹೆರಿಗೆ ವಾರ್ಡಿನ ಆಚೆ ಕೊನೆಯವರೆಗೂ ಕೇಳುವಂಥ ನಗು. ಆಮೇಲೆ ಯಾರು ಯಾರನ್ನೂ ತಡೆಯುವ ಹಾಗಿರಲಿಲ್ಲ. ಅಧಿಕಾರಿ ಕಾರ್ಪೆಟ್ಟಿನ ಮೇಲೆ ಬಿದ್ದು ಹೊರಳಿದರು. ಕೆಳಗೆ ಗಾಡಿಯಲ್ಲಿದ್ದವರು ಗಾಬರಿಯಾಗಿ ಮತ್ತೆ ಗಂಟೆ ಬಾರಿಸಿದರು.

ನಗು ಮುಗಿದ ಮೇಲೆ ಅತ್ತೆ ಮಂಚದಿಂದಿಳಿದು ಕಾರ್ಪೆಟ್ಟಿನ ಮೇಲೆ ಒಂದು ಕಾಲಿಟ್ಟರು. ಇನ್ನೊಂದನ್ನೂ ಇಟ್ಟರು. ಬೆರಳುಗಳನ್ನು ಎಳೆಗಳೊಳಗೆ ಊರಿ ನೋಡಿದರು.

"ಇದನ್ನ ನನ್ನ ಕೋಣೆಗೆ ಹಾಕಿ" ಎಂದರು.

ಹೆಂಡತಿ ಚಹಾ ಬಿಸಿಮಾಡಲು ಒಳಗೆ ಓಡಿದಳು. 'ನನ್ನ ಕೋಣೆ' ಎಂದದ್ದು ಅವಳಿಗೂ ಕೇಳಿಸಿತ್ತು.

"ನಾಳೆ ಹಾಸ್ತೀನಿ ಅತ್ತೆ" ಎಂದ ನಕ್ಷೆರಾಯ. "ಈ ಸಲ ಮೊದಲು ಅಳತೆ ತಗೊಂಡು, ನಕ್ಷೆ ಹಾಕಿ, ಆಮೇಲೆ."

ಮಾರನೆಯ ದಿನ ಹಾಸಿದ. ಅರ್ಧ ಮಂಚದ ಕೆಳಗೆ, ಅರ್ಧ ಬೀರುವಿನ ಮುಂದೆ. ಕೋಣೆಯ ಬಾಗಿಲು ಹೊರಗೆ ತೆರೆಯುವುದರಿಂದ ಅದಕ್ಕೆ ಏನೂ ಅಡ್ಡಿಯಾಗಲಿಲ್ಲ. ಆದರೆ ಐದನೆಯ ದಿನ ಹೆಡ್‌ಮಾಸ್ತರು ತಂಗಿಯನ್ನು ಊರಿಗೆ ಕರೆದೊಯ್ಯಲು ಬಂದಾಗ ಹೊಸ ಫಜೀತಿಯಾಯಿತು. ಅತ್ತೆಯ ಪೆಟ್ಟಿಗೆ ಇದ್ದದ್ದು ಬೀರುವಿನೊಳಗೆ, ಬೀರುವಿನ ಬಾಗಿಲು ಕಾರ್ಪೆಟ್ಟಿಗೆ ಸಿಕ್ಕಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ನಾನೂ ಹೋಗಿದ್ದೆ, ಕಣ್ಣಾರೆ ಕಂಡೆ. ಅತ್ತೆ ಮಗಳ ಸೀರೆ ಉಟ್ಟುಕೊಂಡು, ಮಂಚದ ತುದಿಯಲ್ಲಿ ಕೂತು, ಕಾರ್ಪೆಟ್ಟಿನಲ್ಲಿ ಎರಡೂ ಪಾದ ಮುಳುಗಿಸಿಕೊಂಡು ಚಹಾ ಕುಡಿಯುತ್ತಿದ್ದರು. ಪಕ್ಕದಲ್ಲಿ ಮಗಳು.

"ನಾನೇನ್ ಮಾಡ್ಲಿ ಅಣ್ಣಾ? ಪೆಟ್ಟಿಗೆ ಒಳಗೆ ಸಿಕ್ಕಾಕ್ಕೊಂಡಿದೆ. ಪೆಟ್ಟಿಗೆ ಬಿಟ್ಟು ಹೇಗೆ ಬರ್ಲಿ?"

"ಕಾರ್ಪೆಟ್ ಸ್ವಲ್ಪ ಪಕ್ಕಕ್ಕೆ ಎಳೆದ್ರೆ..." ಎಂದರು ಹೆಡ್‌ಮಾಸ್ತರು.

"ಮುಟ್ಟಬೇಡ. ಮೊನ್ನೆ ಎಳೆದೇ ಇಷ್ಟೆಲ್ಲಾ ಆಗಿದ್ದು."

ಹೆಡ್‌ಮಾಸ್ತರು ಒಂದು ಲೋಟ ಚಹಾ ಕುಡಿದು ಒಬ್ಬರೇ ವಾಪಸ್ಸು ಹೋದರು.

ನನಗೆ ಮಾತ್ರ ಸಿಟ್ಟು ನೆತ್ತಿಗೇರಿತ್ತು. ಮಾರನೆಯ ದಿನ ಕಚೇರಿಯಲ್ಲಿ ನಕ್ಷೆರಾಯನನ್ನು ಹಿಡಿದುಕೊಂಡೆ. "ಎರಡನೇ ಸಲ! ಅದೇ ತಪ್ಪು! ಇಪ್ಪತ್ತೆರಡು ವರ್ಷ ಊರವರ ಬಾಗಿಲು ತಿದ್ದಿದವನು ನಿನ್ನ ಮನೆ ಬೀರುಗೆ ಒಂದು ಕಾಲು ವೃತ್ತ ಎಳೆಯೋಕೆ ಆಗಲಿಲ್ವಾ?"

ಅವನು ಮೇಜಿನ ಖಾನೆಯಿಂದ ಒಂದು ಹಾಳೆ ತೆಗೆದು ನನ್ನ ಮುಂದೆ ಇಟ್ಟ. ಚಿಕ್ಕ ಕೋಣೆಯ ನಕ್ಷೆ. ಮಂಚ, ಕಿಟಕಿ, ಕಾರ್ಪೆಟ್ಟು, ಎಲ್ಲ ಅಳತೆಗೆ ಸರಿಯಾಗಿ. ಬೀರುವಿನ ಎರಡೂ ಬಾಗಿಲಿಗೆ ಕೆಂಪು ಶಾಯಿಯಲ್ಲಿ ಅಚ್ಚುಕಟ್ಟಾಗಿ ಎಳೆದ ಕಾಲು ವೃತ್ತಗಳು, ಎರಡೂ ಕಾರ್ಪೆಟ್ಟಿನ ನಟ್ಟನಡುವೆ ಬಂದು ಬೀಳುತ್ತಿದ್ದವು. ಮೂಲೆಯಲ್ಲಿ ಹಾಕಿದ್ದ ದಿನಾಂಕ, ಕಾರ್ಪೆಟ್ಟನ್ನು ಕೋಣೆಗೆ ಹಾಸಿದ ದಿನದ್ದು.

ನಾನು ಅವನ ಮುಖ ನೋಡಿದೆ. ಅವನು ಯಾರದೋ ಮನೆಯ ನಕ್ಷೆಯ ಮೇಲೆ ಬಗ್ಗಿಕೊಂಡು ಬಹಳ ಗಂಭೀರವಾಗಿ ಏನೋ ಅಳೆಯುತ್ತಿದ್ದ.

ನಾನು ಮೊಹರು ತೆಗೆದು, ಶಾಯಿಗೆ ಅದ್ದಿ, ಆ ಹಾಳೆಯ ಮೇಲೆ 'ಮಂಜೂರು' ಎಂದು ಒತ್ತಿದೆ.